ಅಂತರಕಾಲೇಜು ಫುಟ್‌ಬಾಲನ್ನು ಮಳೆಗಾಲದಿಂದ ಬೇಸಿಗೆಗೆ ಒಯ್ದರೆ?

ಕುಂಬಳೆ ಸ್ಟಾಪರ್: ಜುಲೈ–ಆಗಸ್ಟಿನ ಕೆಸರಿನಲ್ಲಿ ಆಡಿಸುವ ಬದಲು ಪಂದ್ಯಗಳನ್ನು ಫೆಬ್ರವರಿ–ಮಾರ್ಚಿಗೆ ಹಾಕಿದರೆ ಹೇಗೆ ಮಾಷ್ಟ್ರೇ? ಮೈದಾನಕ್ಕೆ ಏನು ತಯಾರಿ ಬೇಕು?

ಬದಿಯಡ್ಕ ಮಾಷ್ಟ್ರು: ಕೆಸರು ತಪ್ಪುತ್ತದೆ, ಗಾಯ ತಪ್ಪುವುದಿಲ್ಲ. ಕಾಸರಗೋಡಿನ ಮುರಕಲ್ಲು (ಲ್ಯಾಟರೈಟ್) ಮಣ್ಣು ಫೆಬ್ರವರಿಗೆ ಗಟ್ಟಿಯಾಗಿಬಿಡುತ್ತದೆ. ಬೂಟಿನಡಿಯ ಉದ್ದ ಸ್ಟಡ್ (ಹಿಡಿತದ ಗುಬುಟು) ನೆಲಕ್ಕೆ ಇಳಿಯದೆ ಪಾದದ ಗಂಟು ಹೊರಳುತ್ತದೆ. ಗಿಡ್ಡ ರಬ್ಬರ್ ಸ್ಟಡ್ಡಿನ ಬೂಟೇ ಬೇಕು. ನೀರನ್ನು ಹಿಂದಿನ ಸಂಜೆಯೇ ಹಾಯಿಸಿ, ರಾತ್ರಿಯಿಡೀ ಇಂಗಲಿ. ಪಂದ್ಯದ ಮುಂಚೆ ಸುರಿದರೆ ಮೇಲ್ಪದರ ಮಾತ್ರ ಒದ್ದೆಯಾಗಿ ಜಾರುತ್ತದೆ, ಅದು ಕೆಸರಿಗಿಂತ ಅಪಾಯ. ಬಿಸಿಲಲ್ಲಿಟ್ಟ ಚೆಂಡಿನ ಒತ್ತಡ ಏರುತ್ತದೆ, ಆಟಕ್ಕೆ ಮೊದಲು ಮತ್ತೆ ಅಳೆಯಿರಿ. ನಿಯಮದ ಮಿತಿ 0.6ರಿಂದ 1.1 ಅಟ್ಮಾಸ್ಫಿಯರ್, ಗಟ್ಟಿ ನೆಲದಲ್ಲಿ ಚೆಂಡು ಪುಟಿಯುವುದು ಹೆಚ್ಚು, ಹಾಗಾಗಿ 0.7ರ ಆಸುಪಾಸು ಸಾಕು.

ಮಂಜೇಶ್ವರ ವಿಂಗ್: ನೆಲಕ್ಕಿಂತ ದೊಡ್ಡ ಸಮಸ್ಯೆ ಕ್ಯಾಲೆಂಡರಿನದು. ಅಮೆರಿಕದಲ್ಲಿ ಕೋವಿಡ್ ಕಾರಣ ಎಫ್‌ಸಿಎಸ್ ಎಂಬ ಎರಡನೇ ಹಂತದ ಕಾಲೇಜು ಫುಟ್‌ಬಾಲನ್ನು (ಹೆಲ್ಮೆಟ್ ಹಾಕಿ ಆಡುವ ಆಟ) 2020ರ ಶರತ್ಕಾಲದಿಂದ 2021ರ ವಸಂತಕ್ಕೆ ಒಯ್ದರು. ಫೈನಲ್ ಮೇ 16ಕ್ಕೆ ಮುಗಿಯಿತು, ಸೆಪ್ಟೆಂಬರಿಗೆ ಮುಂದಿನ ಸೀಸನ್. ಮೊಣಕಾಲಿನ ಲಿಗಮೆಂಟ್ ಹರಿದರೆ ಮರಳಲು ಸುಮಾರು 9 ತಿಂಗಳು ಬೇಕು, ಅಂಥ ಹುಡುಗನಿಗೆ ಎರಡೂ ಸೀಸನ್ ಹೋದಂತೆ. ಬದಲಿಸುವುದಾದರೆ ಒಂದು ವರ್ಷದ ಪಂದ್ಯಗಳನ್ನು ಕಡಿತಗೊಳಿಸಲೇಬೇಕು.

ಕುಂಬಳೆ ಸ್ಟಾಪರ್: ಹಾಗಾದರೆ ಡಿಸೆಂಬರ್–ಜನವರಿ?

ಬದಿಯಡ್ಕ ಮಾಷ್ಟ್ರು: ಅದೇ ಸರಿ. ತುಲಾ ಮಳೆ (ಅಕ್ಟೋಬರ್–ನವೆಂಬರಿನ ಹಿಂಗಾರು) ಮುಗಿದಿರುತ್ತದೆ, ನೆಲದಲ್ಲಿ ತುಸು ಪಸೆ ಇರುತ್ತದೆ. ಸಂಜೆ 4ರ ನಂತರವೇ ಆರಂಭಿಸಿ.