ಮುಧೋಳ ನಾಯಿಮರಿಗೆ ತಿಂಡಿ ಕೊಟ್ಟು ಕಲಿಸಬೇಕು, 2,000 ರೂಪಾಯಿಯಲ್ಲಿ ಏನೇನು ತಗೊಳ್ಳಲಿ?

ಮೈಸೂರಿನ ಹೊಸಬಳು: ನಾಲ್ಕು ತಿಂಗಳ ಮುಧೋಳ ಹೆಣ್ಣು ಮರಿ, ಹೆಸರು ಬೆಳ್ಳಿ. ಹೊಡೆಯದೆ, ಕುತ್ತಿಗೆ ಬಿಗಿಯುವ ಚೋಕ್ ಚೈನ್ ಹಾಕದೆ, ತಿಂಡಿ ಕೊಟ್ಟೇ ಕಲಿಸಬೇಕು ಅಂತ ಇದ್ದೇನೆ. ಒತ್ತಿದರೆ ಟಕ್ ಅನ್ನುವ ಕ್ಲಿಕ್ಕರ್, ತಿಂಡಿ ಇಡುವ ಸೊಂಟದ ಚೀಲ, ಎದೆಗೆ ಹಾಕುವ ಪಟ್ಟಿ ಅಂದರೆ ಹಾರ್ನೆಸ್, ಉದ್ದದ ಲೀಶ್. ಇದರಲ್ಲಿ ಯಾವುದು ನಿಜವಾಗಿ ಬೇಕು, ಯಾವುದು ದಂಡ? ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಳಸಿದವರು ಅನುಭವ ಹೇಳಿ.

ಹುಬ್ಬಳ್ಳಿ ಲ್ಯಾಬ್ ಅಪ್ಪ: ಕಣ್ಣು ಮುಚ್ಚಿಕೊಂಡು ಕ್ಲಿಕ್ಕರ್ ತಗೊಳ್ಳಿ. ನಾಯಿ ಸರಿಯಾಗಿ ಮಾಡಿದ ಕ್ಷಣಕ್ಕೆ ಟಕ್, ಆಮೇಲೆ ತಿಂಡಿ. ನಾನು ಮೂರು ತಗೊಂಡೆ. ಮೊದಲನೆಯದು 99 ರೂಪಾಯಿಯ ಡಬ್ಬಿ, ಒಳಗೆ ತಗಡು. ಒತ್ತಿದ ತಕ್ಷಣ ದಿವಾನದ ಕೆಳಗೆ ಹೋದ ನಮ್ಮ ಲ್ಯಾಬ್ರಡಾರ್ ಬ್ರೂನೋ ರಾತ್ರಿ ಊಟಕ್ಕೂ ಬರಲಿಲ್ಲ. ಎರಡನೆಯದು ಬಟನ್ ಇರುವುದು, 249. ಸದ್ದು ಮೆತ್ತಗಿತ್ತು, ಮೂರನೇ ವಾರಕ್ಕೆ ಸ್ಪ್ರಿಂಗ್ ಹೋಯಿತು. ಮತ್ತೆ ಅದೇ 249 ಕೊಟ್ಟು ಇನ್ನೊಂದು ತಂದೆ. ಅದನ್ನು ಹಳೇ ಕಾಲುಚೀಲದಲ್ಲಿ ಸುತ್ತಿ ಶುರುಮಾಡಿ, ವಾರಕ್ಕೊಂದು ಸುತ್ತು ಬಿಚ್ಚುತ್ತಾ ಬಂದೆ. ಈಗ ಹಾಲಿನವನು ಗೇಟು ತೆಗೆದರೆ ಬ್ರೂನೋ ತಾನಾಗಿ ಕೂರುತ್ತಾನೆ. ಒಟ್ಟು 597 ರೂಪಾಯಿ, ಒಂದು ರೂಪಾಯಿಗೂ ಬೇಜಾರಿಲ್ಲ.

ಮಲ್ಲೇಶ್ವರದ ಅತ್ತೆ: 597ಕ್ಕೆ ಎಷ್ಟು ಕೋಳಿ ಬರುತ್ತದೆ ಲೆಕ್ಕ ಹಾಕಿದ್ದೀರಾ? ಒಂದು ಕೈಯಲ್ಲಿ ಲೀಶ್, ಇನ್ನೊಂದರಲ್ಲಿ ತಿಂಡಿ. ಕ್ಲಿಕ್ಕರ್ ಒತ್ತಲು ಮೂರನೇ ಕೈ ಎಲ್ಲಿಂದ ತರಲಿ? ನಾಲಿಗೆಯಲ್ಲಿ ‘ಟಕ್’ ಅಂದರೆ ಮುಗಿಯಿತು, ಖರ್ಚಿಲ್ಲ.

ನನ್ನ ದುಡ್ಡು ಹೋಗಿದ್ದು ಹಾರ್ನೆಸ್‌ನಲ್ಲಿ. ನಮ್ಮದು ಬೀದಿಯಿಂದ ತಂದ ಮರಿ, ಕಾಳಿ. ಮೊದಲನೆಯದು 650, ಎರಡೇ ತಿಂಗಳಿಗೆ ಚಿಕ್ಕದಾಯಿತು. ಎರಡನೆಯದು 890. ಮೈಮೇಲೆ ಬಿಟ್ಟು ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಬಂದರೆ ಬಕಲ್ ಒಂದು ಕಡೆ, ಪಟ್ಟಿ ಒಂದು ಕಡೆ. ಮೂರನೆಯದು ಸೋವಿ ಅಂತ 420ಕ್ಕೆ ತಂದೆ. ಮುಂಗಾಲಿನ ಸಂದಿಯಲ್ಲಿ ಉಜ್ಜಿ ಉಜ್ಜಿ ಕೂದಲು ಹೋಗಿ, ಚರ್ಮ ಕಿತ್ತು, ಡಾಕ್ಟರಿಗೆ ಮತ್ತು ಮುಲಾಮಿಗೆ 1,400. ನಾಲ್ಕನೆಯದು ಎದೆಯ ಮೇಲೆ ವೈ ಆಕಾರದಲ್ಲಿ ಬರುವುದು, ಮುಂದೆ ಒಂದು ರಿಂಗ್, 1,250. ಇದೊಂದು ಉಳಿದಿದೆ. ಎಮ್ಮು, ಎಲ್ಲು ಅನ್ನುವ ಅಳತೆ ನಂಬಬೇಡಿ. ದರ್ಜಿಯ ಟೇಪು ಹಿಡಿದು ಎದೆ ಅಳೆಯಿರಿ.

ಹುಬ್ಬಳ್ಳಿ ಲ್ಯಾಬ್ ಅಪ್ಪ: ನಾಲಿಗೆಯ ‘ಟಕ್’ ನೆಗಡಿ ಬಂದ ದಿನ ಒಂದು ಥರ, ಸಿಟ್ಟು ಬಂದ ದಿನ ಇನ್ನೊಂದು ಥರ. ಕ್ಲಿಕ್ಕರ್ ಯಾವಾಗಲೂ ಒಂದೇ. 1960ರ ದಶಕದಲ್ಲಿ ಹವಾಯಿಯಲ್ಲಿ ಪ್ರಾಣಿ ತರಬೇತುಗಾರ್ತಿ ಕರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ಸೀಟಿ ಊದಿ ಕಲಿಸಿದ್ದು ಸುಮ್ನೆ ಅಲ್ಲ. ನೆಗೆದ ಡಾಲ್ಫಿನ್ ಬಾಯಿಗೆ ಗಾಳಿಯಲ್ಲೇ ಮೀನು ಇಡಲು ಆಗುತ್ತದಾ? ಸೀಟಿ ಕೇಳಿದರೆ ಮೀನು ಬರುತ್ತದೆ ಅಂತ ಅದಕ್ಕೆ ಗೊತ್ತು.

ಮಲ್ಲೇಶ್ವರದ ಅತ್ತೆ: ನಮ್ಮ ಕಾಳಿ ಡಾಲ್ಫಿನ್ ಅಲ್ಲ. ಮಲ್ಲೇಶ್ವರದಲ್ಲಿ ಸಮುದ್ರವೂ ಇಲ್ಲ.

ಬಾಗಲಕೋಟೆ ಓಟಗಾರ: ರೀ, ಆಕೆ ಕೇಳಿದ್ದು ಮುಧೋಳದ ಬಗ್ಗೆ. ಇದರ ಕುತ್ತಿಗೆ ದಪ್ಪ, ತಲೆ ಸಣ್ಣದು. ಸಾದಾ ಬೆಲ್ಟು ಹಾಕಿದರೆ, ನಾಯಿ ಹಿಂದಕ್ಕೆ ಜಗ್ಗಿದಾಗ ಸೋಪು ಹಚ್ಚಿದ ಕೈಯಿಂದ ಬಳೆ ಜಾರಿದ ಹಾಗೆ ಬಂದುಬಿಡುತ್ತದೆ. ಅಗಲ ಪಟ್ಟಿಯ ಮಾರ್ಟಿಂಗೇಲ್ ಬೆಲ್ಟೇ ಬೇಕು. ಜಗ್ಗಿದರೆ ಸ್ವಲ್ಪ ಬಿಗಿಯಾಗಿ ಅಲ್ಲೇ ನಿಲ್ಲುತ್ತದೆ, ಉಸಿರು ಕಟ್ಟುವುದಿಲ್ಲ.

ಇನ್ನು ಲೀಶ್ ವಿಷಯ ಕಲಿಯಲು ನಾನು ಕೊಟ್ಟ ಬೆಲೆ ಕೇಳಿ. ಸುತ್ತಿಕೊಳ್ಳುವ ದಾರದ ಲೀಶ್ ಇದೆಯಲ್ಲ, ಪ್ಲಾಸ್ಟಿಕ್ ಹಿಡಿಕೆಯದ್ದು, 1,100 ಕೊಟ್ಟು ತಂದಿದ್ದೆ. ಜೋಳದ ಹೊಲದಿಂದ ಮೊಲ ಎದ್ದಿತು. ದಾರ ಸರ್ ಅಂತ ಬಿಚ್ಚಿಕೊಂಡಿತು. ಕೊನೆಗೆ ಒಂದು ಜಗ್ಗು, ಹಿಡಿಕೆ ಕೈಯಿಂದ ಹೋಯಿತು. ಆ ಹಿಡಿಕೆ ಟಾರು ರಸ್ತೆಯ ಮೇಲೆ ಕಟಕಟ ಅಂತ ಹಿಂದೆ ಬರುತ್ತಿದೆ, ನಾಯಿ ಅದಕ್ಕೇ ಹೆದರಿ ಓಡುತ್ತಿದೆ, ಓಡಿದಷ್ಟೂ ಕಟಕಟ ಜಾಸ್ತಿ. ಮೊಲ ಯಾವಾಗಲೋ ಮರೆತುಹೋಗಿತ್ತು. ಸಂಜೆ ಐದಕ್ಕೆ ಹೋದವಳು ರಾತ್ರಿ ಒಂಬತ್ತೂವರೆಗೆ ಇಟ್ಟಿಗೆ ಭಟ್ಟಿಯ ಹಿಂದೆ ಸಿಕ್ಕಳು. ದಾರ ಎಳೆದ ಗಾಯ ನನ್ನ ಬೆರಳುಗಳ ಮೇಲೆ ಈಗಲೂ ಇದೆ. ಈಗ ಹಾರ್ಡ್‌ವೇರ್ ಅಂಗಡಿಯ ಹತ್ತಿ ಹಗ್ಗ, ಹತ್ತು ಮೀಟರ್, ಕೊಕ್ಕೆ ಸೇರಿ 210 ರೂಪಾಯಿ. ಉದ್ದ ಹಗ್ಗ ಯಾವತ್ತೂ ಹಾರ್ನೆಸ್‌ಗೇ, ಬೆಲ್ಟಿಗೆ ಅಲ್ಲ. ಓಡಿ ಬಂದು ಒಮ್ಮೆಲೇ ನಿಂತರೆ ಕುತ್ತಿಗೆ ಏನಾಗಬೇಕು?

ನಿವೃತ್ತ ಮೇಷ್ಟ್ರು: ನಮ್ಮ ಕಾಲದಲ್ಲಿ ಒಂದು ಚೈನು, ಒಂದು ಮುದ್ದೆ. ನಾಯಿ ಹೇಳಿದ ಮಾತು ಕೇಳುತ್ತಿತ್ತು. 2016ರಲ್ಲಿ ಸೈನ್ಯದವರು ಮುಧೋಳ ಮರಿಗಳನ್ನು ಮೀರತ್‌ಗೆ ಒಯ್ದರಲ್ಲ, ಸೊಂಟಕ್ಕೆ ಬಿಸ್ಕತ್ತಿನ ಚೀಲ ಕಟ್ಟಿಕೊಂಡು ಕಲಿಸಿದರಾ? ಇದೆಲ್ಲ ಲಂಚ ಕೊಡುವ ಅಭ್ಯಾಸ.

ಬಾಗಲಕೋಟೆ ಓಟಗಾರ: ಸೈನ್ಯದಲ್ಲೂ ವಾಸನೆ ಹಿಡಿದು ಹುಡುಕಿದ ನಾಯಿಗೆ ಕೊನೆಗೆ ಚೆಂಡು ಎಸೆಯುವುದನ್ನು ನೋಡಿಲ್ವಾ? ಅದು ಲಂಚ ಅಲ್ಲ, ಸಂಬಳ. ನೀವು ಮೂವತ್ತು ವರ್ಷ ಸಂಬಳ ಇಲ್ಲದೆ ಪಾಠ ಮಾಡಿದ್ರಾ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು: ಮಾತಿನಲ್ಲಿ ಮರ್ಯಾದೆ ಇರಲಿ. ಮೂವತ್ತಲ್ಲ, ಮೂವತ್ತಾರು ವರ್ಷ.

ಮಂಗಳೂರು ಮಳೆ: ಚೀಲದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಚೀಲ ದಂಡ ಅಂತ ಜೀನ್ಸ್ ಜೇಬಿನಲ್ಲೇ ಒಣ ಸಿಗಡಿ ಇಟ್ಟುಕೊಳ್ಳುತ್ತಿದ್ದೆ. ನಮ್ಮ ಚಿನ್ನು ಅದಕ್ಕಾಗಿ ಏನು ಬೇಕಾದರೂ ಮಾಡುತ್ತಾಳೆ. ಒಂದು ದಿನ ಮರೆತು ಅದೇ ಪ್ಯಾಂಟಲ್ಲಿ ಬಸ್ ಹತ್ತಿದೆ. ಜನ ಒಬ್ಬೊಬ್ಬರಾಗಿ ಎದ್ದು ಹಿಂದೆ ಹೋದರು. ಇನ್ನೊಂದು ದಿನ ಪ್ಯಾಂಟು ವಾಷಿಂಗ್ ಮೆಷಿನ್ನಿಗೆ ಹೋಯಿತು. ಗಂಡನ ಆಫೀಸ್ ಶರ್ಟುಗಳೂ ಅದರಲ್ಲೇ ಇದ್ದವು. ಮುಂದಿನದು ಬರೆಯುವುದಿಲ್ಲ. ಹಳೇ ಜೀನ್ಸ್ ಕಾಲನ್ನು ಕತ್ತರಿಸಿ ಟೈಲರ್ ಹತ್ತಿರ ಚೀಲ ಹೊಲಿಸಿದೆ, 60 ರೂಪಾಯಿ. ಬಾಯಿ ಅಗಲ ಇರಲಿ, ಜಿಪ್ ಬೇಡ. ಜಿಪ್ ಎಳೆಯುವಷ್ಟರಲ್ಲಿ ನಾಯಿ ಎದ್ದು ಹೋಗಿರುತ್ತದೆ.

ಶಿವಮೊಗ್ಗದ ಸಸ್ಯಾಹಾರಿ: ಮಾಂಸ ಬೇಕಿಲ್ಲ. ನಮ್ಮ ಪುಟ್ಟನಿಗೆ ಪನ್ನೀರಿನಲ್ಲೇ ಎಲ್ಲ ಕಲಿಸಿದೆ. ಮೊದಲ ದಿನ ಉತ್ಸಾಹದಲ್ಲಿ 200 ಗ್ರಾಂ ಖಾಲಿ ಮಾಡಿಬಿಟ್ಟೆ. ರಾತ್ರಿಯಿಡೀ ಭೇದಿ, ಬೆಳಿಗ್ಗೆ ಡ್ರಿಪ್, 1,800 ರೂಪಾಯಿ. ಈಗ ಬಟಾಣಿಯಷ್ಟು ಗಾತ್ರ, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡುತ್ತೇನೆ. ಆದರೆ ಪ್ರಸಾದ ಅಂತ ಸಪಾದ ಭಕ್ಷ್ಯ ಕೊಡಬೇಡಿ, ಅದರಲ್ಲಿ ದ್ರಾಕ್ಷಿ ಇರುತ್ತದೆ. ಒಣದ್ರಾಕ್ಷಿ ನಾಯಿಯ ಕಿಡ್ನಿ ತೆಗೆದುಬಿಡುತ್ತದೆ.

ಮಂಗಳೂರು ಮಳೆ: ಬೆಕ್ಕಿನ ಹಿಂದೆ ಓಡುವ ಮುಧೋಳ ಪನ್ನೀರು ನೋಡಿ ವಾಪಸ್ ಬರುತ್ತದಾ? ಸ್ವಲ್ಪ ನ್ಯಾಯವಾಗಿ ಮಾತಾಡಿ.

ಶಿವಮೊಗ್ಗದ ಸಸ್ಯಾಹಾರಿ: ಸಿಗಡಿಯನ್ನು ವಾಷಿಂಗ್ ಮೆಷಿನ್ನಿಗೆ ಹಾಕಿದವರು ನಮಗೆ ನ್ಯಾಯ ಹೇಳಬೇಡಿ.

ಮಲ್ಲೇಶ್ವರದ ಅತ್ತೆ: ಪನ್ನೀರು, ಸಿಗಡಿ ಆಮೇಲೆ. ಹೊಲದಲ್ಲಿ ಮೊಲ ಎದ್ದಾಗ ಲೀಶ್ ಬಿಟ್ಟವರು ಬೇರೆಯವರಿಗೆ ಹಗ್ಗದ ಪಾಠ ಮಾಡುತ್ತಿದ್ದಾರಲ್ಲ, ನನಗೆ ಅದೇ ನಗು.

ಬಾಗಲಕೋಟೆ ಓಟಗಾರ: ಬಿಡಲಿಲ್ಲ, ಕಿತ್ತುಕೊಂಡಿತು. ಓದಿ ಬರೆಯಿರಿ.

ಮೈಸೂರಿನ ಹೊಸಬಳು: ಎಲ್ಲರಿಗೂ ಥ್ಯಾಂಕ್ಸ್. ಮಾರ್ಟಿಂಗೇಲ್, ಹಾರ್ನೆಸ್ ಮತ್ತು ಹಗ್ಗಕ್ಕೆ ಆರ್ಡರ್ ಹಾಕಿದೆ, 1,740 ಆಯಿತು. ಉಳಿದ ದುಡ್ಡು ತಿಂಡಿಗೆ ಬೇಕು ಅಂತ ಕ್ಲಿಕ್ಕರ್ ಬಿಟ್ಟು ಸದ್ಯಕ್ಕೆ ಬಟನ್ ಪೆನ್ನು ಒತ್ತಿ ಬೇಯಿಸಿದ ಮೊಟ್ಟೆಯ ಚೂರು ಕೊಡುತ್ತಿದ್ದೇನೆ. ಮೊಟ್ಟೆಗೆ ಅಮ್ಮ ಒಪ್ಪಿದರು, ಹಿತ್ತಲಿನ ಒಲೆಯಲ್ಲಿ. ಬೆಳ್ಳಿ ಎರಡೇ ದಿನದಲ್ಲಿ ಕೂರುವುದು ಕಲಿತಳು. ಒಂದೇ ತೊಂದರೆ. ನನ್ನ ಮಗ ಹೋಮ್‌ವರ್ಕ್ ಮಾಡುವಾಗ ಪೆನ್ನು ಟಕ್ ಟಕ್ ಅನ್ನಿಸುತ್ತಾನೆ. ಪ್ರತಿ ಟಕ್ಕಿಗೂ ಬೆಳ್ಳಿ ಓಡಿ ಬಂದು ಅವನ ಮುಂದೆ ಕೂತು ಬಾಯಿ ತೆರೆಯುತ್ತಾಳೆ.

ಹುಬ್ಬಳ್ಳಿ ಲ್ಯಾಬ್ ಅಪ್ಪ: ಅದಕ್ಕೇ ಕ್ಲಿಕ್ಕರ್ ಅಂದಿದ್ದು. ಸ್ಪ್ರಿಂಗ್ ಹೋದದ್ದು ಒಂದು ಇದೆ, ಬೇಕಾದರೆ ಕಳಿಸುತ್ತೇನೆ.

ಮಲ್ಲೇಶ್ವರದ ಅತ್ತೆ: ಸ್ಪ್ರಿಂಗ್ ಇಲ್ಲದ್ದು ತಗೊಂಡು ಏನು ಮಾಡಬೇಕು, ನಾಲಿಗೆಯಲ್ಲಿ ಟಕ್ ಅನ್ನಬೇಕಾ?