ಕನ್ನಡ ಮಾಧ್ಯಮದ ಮಕ್ಕಳಿಗೆ ಫಾರ್ಮಸಿ ತಯಾರಿ ತರಗತಿ: ಯಾವಾಗ ಶುರು ಮಾಡಬೇಕು, ಏನು ಕಲಿಸಬೇಕು?

ಮಂಜೇಶ್ವರ_ಓದುಗ:

ನಮ್ಮ ವಾಚನಾಲಯದಿಂದ ಪ್ಲಸ್ ಟು ಮುಗಿಸಿದ ಮಕ್ಕಳಿಗೆ ಏಪ್ರಿಲ್-ಮೇ ರಜೆಯಲ್ಲಿ ಆರು ವಾರ ಫಾರ್ಮಸಿ ತಯಾರಿ ತರಗತಿ ನಡೆಸುವ ಯೋಚನೆ ಇದೆ. ಸುಮಾರು 20 ಮಕ್ಕಳು. ಎಲ್ಲರೂ ಹತ್ತರವರೆಗೆ ಕನ್ನಡ ಮಾಧ್ಯಮದವರು. ಕೊರಗ, ಮರಾಟಿ ಸಮುದಾಯದವರೂ ಇದ್ದಾರೆ. ಮಲಯಾಳ ಮಾತಾಡುತ್ತಾರೆ, ಓದುವಾಗ ತಡವರಿಸುತ್ತಾರೆ. ಕೆಲವರಿಗೆ ಕಣ್ಣೂರಿನ ಪರಿಯಾರಂ ಕಾಲೇಜಿನ ಕಡೆ ಆಸೆ, ಕೆಲವರಿಗೆ ಮಂಗಳೂರು. ಏನು ಕಲಿಸಬೇಕು, ಯಾವ ಕಾಗದಪತ್ರ ಮೊದಲೇ ಮಾಡಿಸಿಡಬೇಕು? "ಇಂಗ್ಲಿಷ್ ಗಟ್ಟಿ ಮಾಡಿಸಿ" ಅಂತ ಮಾತ್ರ ಹೇಳಬೇಡಿ. ಯಾವ ಇಂಗ್ಲಿಷ್ ಅಂತ ಹೇಳಿ.

ಅರ್ಜಿ_ಕೌಂಟರ್:

ಏಪ್ರಿಲ್ ಅಂದರೆ ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬಂದ ಹಾಗೆ. ಕೇರಳದ ಎಂಟ್ರೆನ್ಸ್ ಪರೀಕ್ಷೆ ಕೀಮ್‌ನ ಅರ್ಜಿಯಾಗಲಿ ಕರ್ನಾಟಕದ ಸಿಇಟಿ ಅರ್ಜಿಯಾಗಲಿ ಈಚಿನ ವರ್ಷಗಳಲ್ಲಿ ಜನವರಿಯಿಂದ ಮಾರ್ಚ್ ಒಳಗೇ ಮುಗಿಯುತ್ತಿವೆ, ಪರೀಕ್ಷೆಗಳೇ ಏಪ್ರಿಲ್ ಹೊತ್ತಿಗೆ. ಬಿ.ಫಾರ್ಮ್‌ಗೆ (ಫಾರ್ಮಸಿ ಪದವಿ) ನೀಟ್ ಬೇಡ, ಆದರೆ ಈ ಎರಡರಲ್ಲಿ ಒಂದು ಬೇಕು. ಹಾಗಾಗಿ ಪ್ಲಸ್ ವನ್‌ನಿಂದಲೇ ವಾರಕ್ಕೊಂದು ದಿನ ಇಟ್ಟುಕೊಳ್ಳಿ. ಇನ್ನೂ ಹಿಂದಕ್ಕೆ ಹೋಗುವುದಾದರೆ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಒಂದು ದಿನ ಕೂರಿಸಿ ಇಷ್ಟು ಹೇಳಿದರೆ ಸಾಕು: ಫಿಸಿಕ್ಸ್, ಕೆಮಿಸ್ಟ್ರಿ, ಜೊತೆಗೆ ಬಯಾಲಜಿ ಅಥವಾ ಗಣಿತ ಇಲ್ಲದಿದ್ದರೆ ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಕೂಡ ಸಿಗದು. ಕಾಮರ್ಸ್ ತೆಗೆದುಕೊಂಡ ಮೇಲೆ ಯಾವ ತರಗತಿಯೂ ಪ್ರಯೋಜನಕ್ಕಿಲ್ಲ.

ಕೀಮ್ ಫಾರ್ಮಸಿ ಪರೀಕ್ಷೆಯಲ್ಲಿ 75 ಪ್ರಶ್ನೆ, 90 ನಿಮಿಷ. ಫಿಸಿಕ್ಸ್ 45, ಕೆಮಿಸ್ಟ್ರಿ 30. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ಬಯಾಲಜಿ ಒಂದು ಪ್ರಶ್ನೆಯೂ ಇಲ್ಲ! ಫಾರ್ಮಸಿ ಅಂದರೆ ಬಯಾಲಜಿ ಅಂತ ಮಕ್ಕಳು ಅದನ್ನೇ ಉರು ಹೊಡೆಯುತ್ತಾರೆ, ಫಿಸಿಕ್ಸ್‌ನಲ್ಲಿ ಕೈ ಸುಟ್ಟುಕೊಳ್ಳುತ್ತಾರೆ. ನಿಮಗೆ ಒಬ್ಬರೇ ಟೀಚರ್ ಸಿಗುವುದಾದರೆ ಫಿಸಿಕ್ಸ್‌ನವರನ್ನೇ ಹಿಡಿಯಿರಿ. ಸಿಇಟಿಯಲ್ಲಿ ಲೆಕ್ಕ ಬೇರೆ: ವಿಷಯಕ್ಕೆ 60 ಅಂಕ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಅಲ್ಲಿ ಒಂದನ್ನೂ ಖಾಲಿ ಬಿಡಬಾರದು, ಕೀಮ್‌ನಲ್ಲಿ ಕಣ್ಣುಮುಚ್ಚಿ ಗುರುತು ಹಾಕಬಾರದು. ಎರಡನ್ನೂ ಬರೆಯುವ ಮಕ್ಕಳಿಗೆ ಇದನ್ನು ಬೇರೆಬೇರೆಯಾಗಿ ಅಭ್ಯಾಸ ಮಾಡಿಸಿ.

ಕಾಗದಪತ್ರದ ವಿಷಯ. ಮಂಜೇಶ್ವರ ಕಡೆಯ ಎಷ್ಟೋ ಮಕ್ಕಳು ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಗಳಲ್ಲಿ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಜನ್ಮಸ್ಥಳ ಕರ್ನಾಟಕ ಅಂತ ಇದ್ದರೆ ಕೀಮ್‌ಗೆ ಅದೊಂದೇ ಸಾಲದು. ಅಪ್ಪ ಅಥವಾ ಅಮ್ಮನ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಕೇರಳದ ಜನ್ಮಸ್ಥಳ ಇದ್ದರೆ ಅದು, ಇಲ್ಲವಾದರೆ ವಿಲ್ಲೇಜ್ ಆಫೀಸಿನಿಂದ ನೇಟಿವಿಟಿ ಸರ್ಟಿಫಿಕೇಟ್. ಹಿಂದುಳಿದ ವರ್ಗದವರಿಗೆ ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟ್ (ಆ ವರ್ಗದ ಅನುಕೂಲಸ್ಥರ ಸಾಲಿಗೆ ಸೇರಿಲ್ಲ ಎಂಬ ಪತ್ರ) ರಾಜ್ಯದ ಮಾದರಿಯದ್ದೇ ಆಗಬೇಕು, ಅದನ್ನು ಕೊಡುವುದು ವಿಲ್ಲೇಜ್ ಆಫೀಸರ್. ಕೇಂದ್ರದ ಮಾದರಿ ತಂದು ಹಾಕಿ ಮೀಸಲಾತಿ ಕಳೆದುಕೊಳ್ಳುವುದು ಸಾಮಾನ್ಯ. ಎಸ್‌ಸಿ, ಎಸ್‌ಟಿಗೆ ತಹಶೀಲ್ದಾರರ ಜಾತಿ ಸರ್ಟಿಫಿಕೇಟ್.

ಮಂಗಳೂರು ಕಡೆ ಹೋಗುವವರಿಗೆ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಗಡಿನಾಡ ಕನ್ನಡಿಗ ಅವಕಾಶ ಇದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು, ಮಹಾರಾಷ್ಟ್ರದ ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಇದರಲ್ಲಿ ಬರುತ್ತವೆ. ತುಳು ಮನೆಮಾತಿನವರಿಗೂ ಸಲ್ಲುತ್ತದೆ. ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ನಮ್ಮ ಮಕ್ಕಳಿಗೆ ಅದು ಕಷ್ಟವಲ್ಲ, ಕಷ್ಟ ಏನೆಂದರೆ ಸಿಇಟಿ ದಿನ ಬಿಟ್ಟು ಬೇರೆ ದಿನ ಇರುವುದರಿಂದ ಮರೆತೇ ಹೋಗುವುದು. ಇನ್ನೊಂದು ಮುಖ್ಯ: ಮೀಸಲಾತಿ ರಾಜ್ಯದ ಗಡಿ ದಾಟುವುದಿಲ್ಲ. ಕೊರಗರು ಎರಡೂ ರಾಜ್ಯಗಳಲ್ಲಿ ಎಸ್‌ಟಿಯೇ, ಆದರೂ ಕೇರಳದ ತಹಶೀಲ್ದಾರರು ಕೊಟ್ಟ ಕಾಗದ ಕೆಇಎಯಲ್ಲಿ ನಡೆಯದು. ಅಂಥ ಮಕ್ಕಳಿಗೆ ಕೀಮ್ ಮೊದಲು (ಎಸ್‌ಸಿ ಶೇ. 8, ಎಸ್‌ಟಿ ಶೇ. 2), ಸಿಇಟಿ ಆಮೇಲೆ.

ಬ್ಯುರೆಟ್_ಬೀಕರ್:

ಪಾಠದ ವಿಷಯ ನಾನು ಹೇಳುತ್ತೇನೆ. ಸೀಟು ಸಿಗುವವರಿಗೆ ನಿಮ್ಮ ಆರು ವಾರ ಚೆನ್ನಾಗಿಯೇ ಉಪಯೋಗಕ್ಕೆ ಬರುತ್ತದೆ, ಆದರೆ ಬಯಾಲಜಿ ಅಥವಾ ಗಣಿತದ ಕೊರತೆ ತುಂಬಲು ಅದನ್ನು ಖರ್ಚು ಮಾಡಬೇಡಿ. ಬಿ.ಫಾರ್ಮ್ ಮೊದಲ ಸೆಮಿಸ್ಟರಿನಲ್ಲೇ ಬಯಾಲಜಿ ಓದದವರಿಗೆ ರೆಮಿಡಿಯಲ್ ಬಯಾಲಜಿ, ಗಣಿತ ಓದದವರಿಗೆ ರೆಮಿಡಿಯಲ್ ಮ್ಯಾಥಮೆಟಿಕ್ಸ್ ಇದೆ. ಮಕ್ಕಳು ಬೀಳುವುದು ಅನಾಲಿಸಿಸ್ ಪೇಪರಿನಲ್ಲಿ (ಔಷಧವನ್ನು ಅಳೆದು ಪರೀಕ್ಷಿಸುವ ವಿಷಯ) ಮತ್ತು ದೊಡ್ಡ ಉತ್ತರಗಳಲ್ಲಿ. ಥಿಯರಿಗೆ 75 ಅಂಕ ಸೆಮಿಸ್ಟರ್ ಪರೀಕ್ಷೆ, 25 ಇಂಟರ್ನಲ್, ಪಾಸಿಗೆ ಶೇ. 50. ವಿಷಯ ಗೊತ್ತಿದ್ದೂ ನಾಲ್ಕು ಸಾಲು ಬರೆದು ನಿಲ್ಲಿಸಿದರೆ 10 ಅಂಕದ ಪ್ರಶ್ನೆಯಲ್ಲಿ 3 ಸಿಗುತ್ತದೆ.

ಆದ್ದರಿಂದ ಕಲಿಸಬೇಕಾದ ಇಂಗ್ಲಿಷ್ ಇದು: ಡಿಫೈನ್, ಕ್ಲಾಸಿಫೈ, ಎನ್ಯುಮರೇಟ್, ಡಿಫರೆನ್ಷಿಯೇಟ್ ಅಂತ ಕೇಳಿದರೆ ಉತ್ತರದ ಆಕಾರ ಹೇಗೆ ಬದಲಾಗಬೇಕು ಎಂಬುದು. ಲ್ಯಾಬ್ ರೆಕಾರ್ಡಿನ ಪ್ರಿನ್ಸಿಪಲ್, ಪ್ರೊಸೀಜರ್, ರಿಪೋರ್ಟ್ ಬರೆಯುವ ಧಾಟಿ. ಹೈಪೊ, ಹೈಪರ್, ನೆಫ್ರೊ, ಹೆಪಟೊ, ಐಟಿಸ್ ಥರದ, ವೈದ್ಯಕೀಯ ಪದಗಳಲ್ಲಿ ಮತ್ತೆ ಮತ್ತೆ ಬರುವ ಐವತ್ತು-ಅರವತ್ತು ತುಂಡುಗಳು. ಗ್ರಾಮರ್ ಪುಸ್ತಕ ಮುಟ್ಟಬೇಡಿ.

ಹತ್ತಿರದ ಹೈಯರ್ ಸೆಕೆಂಡರಿ ಶಾಲೆಯ ಲ್ಯಾಬ್ ಕೇಳಿ ಪಡೆದು ಟೈಟ್ರೇಷನ್ (ಬಲ ಗೊತ್ತಿರುವ ದ್ರಾವಣದ ಎದುರು ಇನ್ನೊಂದರ ಬಲ ಅಳೆಯುವುದು) ಒಂದನ್ನೇ ಸರಿಯಾಗಿ ಮಾಡಿಸಿ. 0.1 ನಾರ್ಮಲ್ ಬಲದ ಆಕ್ಸಾಲಿಕ್ ಆಮ್ಲ 100 ಮಿ.ಲೀ. ಬೇಕಾದರೆ 0.63 ಗ್ರಾಂ. ಸೋಡಿಯಂ ಹೈಡ್ರಾಕ್ಸೈಡ್ 0.1 ನಾರ್ಮಲ್ ಅಂದರೆ ಲೀಟರಿಗೆ 4 ಗ್ರಾಂ, ಆದರೆ ಅದು ತೂಗುವಾಗಲೇ ಗಾಳಿಯ ತೇವ ಹೀರುತ್ತದೆ. ಅದಕ್ಕೇ ತೂಕವನ್ನು ನಂಬದೆ ಆಕ್ಸಾಲಿಕ್ ಆಮ್ಲದ ಎದುರು ಅಳೆದು ನಿಜವಾದ ಬಲ ಕಂಡುಕೊಳ್ಳುವುದು. ಈ "ಯಾಕೆ" ಹೊಳೆದ ಮಗು ವೈವಾದಲ್ಲಿ ಬಾಯಿ ಬಿಡುತ್ತದೆ. ತಪ್ಪುಗಳು ಯಾವಾಗಲೂ ಅವೇ: ಬ್ಯುರೆಟ್ ಮೂತಿಯಲ್ಲಿ ಗಾಳಿಗುಳ್ಳೆ, ಮೇಲೆ ಫನಲ್ ಹಾಗೇ ಬಿಟ್ಟದ್ದು, ಕಣ್ಣಿನ ಮಟ್ಟಕ್ಕೆ ತಾರದೆ ಓದಿದ್ದು.

ದುರ್ಬಲಗೊಳಿಸುವ ಲೆಕ್ಕವೂ ಹಾಗೆಯೇ. ಶೇ. 20ರ ದ್ರಾವಣದಿಂದ ಶೇ. 5ರದ್ದು 500 ಮಿ.ಲೀ. ಮಾಡಲು 125 ಮಿ.ಲೀ. ತೆಗೆದು 500ರ ಗೆರೆವರೆಗೆ ನೀರು ತುಂಬಬೇಕು. "500 ನೀರು ಹಾಕು" ಅಂತ ಅರ್ಥ ಮಾಡಿಕೊಂಡರೆ ಒಟ್ಟು 625 ಆಗಿ ಶೇ. 4ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಸೂತ್ರ ಸರಿ ಇಟ್ಟವರೂ ಕೈಯಲ್ಲಿ ಇದನ್ನೇ ತಪ್ಪುತ್ತಾರೆ.

ಮದ್ದಿನಂಗಡಿ:

ಎಲ್ಲರೂ ಬಿ.ಫಾರ್ಮ್ ಹಿಂದೆ ಓಡಬೇಕಾಗಿಲ್ಲ. ಕೇರಳದಲ್ಲಿ ಡಿ.ಫಾರ್ಮ್ ಪ್ರವೇಶ ಸರ್ಕಾರಿ ಸಂಸ್ಥೆಯಾದ ಎಲ್‌ಬಿಎಸ್ ಸೆಂಟರ್ ಮೂಲಕ, ಪ್ಲಸ್ ಟು ಅಂಕದ ಮೇಲೆ, ಎಂಟ್ರೆನ್ಸ್ ಇಲ್ಲ. ಎರಡು ವರ್ಷ, ಆಮೇಲೆ 500 ಗಂಟೆ ತರಬೇತಿ. ಮುಂದೆ ಬೇಕಾದರೆ ಬಿ.ಫಾರ್ಮ್ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಲ್ಯಾಟರಲ್ ಎಂಟ್ರಿ. ಆದರೆ 2022ರ ನಿಯಮದ ಪ್ರಕಾರ ಡಿ.ಫಾರ್ಮ್ ಮುಗಿಸಿದವರಿಗೆ ಫಾರ್ಮಸಿಸ್ಟ್ ರಿಜಿಸ್ಟ್ರೇಷನ್‌ಗೆ ಮೊದಲು ಎಕ್ಸಿಟ್ ಪರೀಕ್ಷೆ ಇದೆ: ಮೂರು ಪೇಪರ್, ಪ್ರತಿಯೊಂದರಲ್ಲೂ ಶೇ. 50, ಅದೂ ಮೂರರಲ್ಲೂ ಒಟ್ಟಿಗೇ ಒಂದೇ ಸಲದಲ್ಲಿ ಬರಬೇಕು. ಇದನ್ನು ಸೇರುವ ಮೊದಲೇ ಮನೆಯವರಿಗೆ ಹೇಳಿ. ಕಾಲೇಜಿಗೆ ಆ ವರ್ಷದ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ಅನುಮತಿ ಇದೆಯೇ ಅಂತ ಕೌನ್ಸಿಲ್‌ನ ವೆಬ್‌ಸೈಟಿನಲ್ಲೇ ನೋಡಿ. ಏಜೆಂಟ್ ತೋರಿಸುವ ಜೆರಾಕ್ಸ್ ಸಾಲದು.

ಮಕ್ಕಳಿಗೆ ಕೌಂಟರಿನ ಲೆಕ್ಕ ಒಂದು ಕೊಡಿ. 12 ಕೆ.ಜಿ. ಮಗು, ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ., ಅಂದರೆ 180 ಮಿ.ಗ್ರಾಂ. 5 ಮಿ.ಲೀ.ಗೆ 125 ಇರುವ ಸಿರಪ್ ಆದರೆ 7.2 ಮಿ.ಲೀ., 250 ಇರುವುದಾದರೆ 3.6, ಮಿ.ಲೀ.ಗೆ 100 ಇರುವ ಡ್ರಾಪ್ಸ್ ಆದರೆ 1.8. ಮೂರೂ ಖಾಲಿ ಡಬ್ಬಿ ಮೇಜಿನ ಮೇಲಿಟ್ಟು ಲೇಬಲ್ ಓದಿಸಿ. ಬಲ ನೋಡದೆ "ಒಂದು ಚಮಚ" ಅಂದರೆ ಏನಾಗುತ್ತದೆ ಅಂತ ಅವರೇ ಹೇಳುತ್ತಾರೆ. ಮಲಯಾಳ ಬರಹದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಚೀಟಿ, ಲೇಬಲ್, ಬಿಲ್ಲು, ಶೆಡ್ಯೂಲ್ ಎಚ್1 ರಿಜಿಸ್ಟರ್ (ಮಾರಾಟವನ್ನು ಬರೆದಿಡಲೇಬೇಕಾದ ಔಷಧಗಳ ಪುಸ್ತಕ) ಎಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಊಟಕ್ಕೆ ಮೊದಲು, ಊಟದ ನಂತರ, ವಾರಕ್ಕೊಮ್ಮೆ ಮಾತ್ರ ಎಂಬಷ್ಟನ್ನು ಕನ್ನಡ, ತುಳು, ಮಲಯಾಳ ಮೂರರಲ್ಲೂ ತಡವರಿಸದೆ ಹೇಳಲು ಬರಬೇಕು.

ಜತ್_ತಾಲೂಕು:

ನಮ್ಮ ಕಡೆಯವರು ಓದುತ್ತಿದ್ದರೆ: ಮಹಾರಾಷ್ಟ್ರದಲ್ಲಿ ಬಿ.ಫಾರ್ಮ್‌ಗೆ ಎಂಎಚ್‌ಟಿ-ಸಿಇಟಿ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಪಾಠದ ವಿಷಯ ಮಾತ್ರ ಮೇಲೆ ಹೇಳಿದ ಹಾಗೆಯೇ.

ಮಂಜೇಶ್ವರ_ಓದುಗ:

ಎಲ್ಲರಿಗೂ ಧನ್ಯವಾದ. ಹಾಗಾದರೆ ಜೂನ್‌ನಿಂದ ಪ್ಲಸ್ ವನ್ ಮಕ್ಕಳಿಗೆ ಶನಿವಾರದ ಫಿಸಿಕ್ಸ್, ರಜೆಯ ಆರು ವಾರ ಸೀಟು ಸಿಗುವವರಿಗೆ. ಈ ವರ್ಷ ಈಗಾಗಲೇ ಪ್ಲಸ್ ಟುನಲ್ಲಿರುವ, ಅರ್ಜಿಯನ್ನೇ ಹಾಕದವರಿಗೆ ಏನು ಮಾಡಲಿ?

ಅರ್ಜಿ_ಕೌಂಟರ್:

ಅವರಿಗೆ ಡಿ.ಫಾರ್ಮ್. ಎಲ್‌ಬಿಎಸ್ ಪ್ರಕಟಣೆ ಬರುವ ಮೊದಲೇ ಜಾತಿ ಮತ್ತು ನೇಟಿವಿಟಿ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಅರ್ಜಿ ಹಾಕಿಸಿ. ಹೆಸರು, ಇನಿಶಿಯಲ್ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲೂ ಆಧಾರ್‌ನಲ್ಲೂ ಒಂದೇ ಇದೆಯೇ ಅಂತ ಇವತ್ತೇ ನೋಡಿ. ತಿದ್ದುಪಡಿ ಬೇಕಿದ್ದರೆ ಅದಕ್ಕೇ ಹೆಚ್ಚು ದಿನ ಹಿಡಿಯುತ್ತದೆ.