ಪದಚರ್ಚೆ: ಹಿತ್ತಾಳೆ ವಾದ್ಯದ ಮೇಲಿನ ಬೆಳ್ಳಿಗೂ ಲ್ಯಾಕರ್‌ಗೂ 'ಲೇಪ' ಒಂದೇ ಸಾಕೇ?

ಗೆಳೆಯರೇ, ನಮಸ್ಕಾರ.

ನನಗೆ ಎರಡು ಪದ ಬೇಕಾಗಿವೆ. ಒಂದು 'ಸಿಲ್ವರ್ ಪ್ಲೇಟೆಡ್' ಅನ್ನುವುದಕ್ಕೆ, ಇನ್ನೊಂದು 'ಲ್ಯಾಕರ್ಡ್' (ಪಾರದರ್ಶಕ ಪೊರೆ ಹಾಕಿದ್ದು) ಅನ್ನುವುದಕ್ಕೆ. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್ ಇಂಥ ಹಿತ್ತಾಳೆ ವಾದ್ಯಗಳ ಹೊರಮೈ ಬಗ್ಗೆ ಹೇಳುವಾಗ ಈ ಎರಡೂ ಬಂದೇ ಬರುತ್ತವೆ. ಕನ್ನಡದಲ್ಲಿ ಬರೆಯಹೊರಟರೆ ಎರಡೂ ಕೊನೆಗೆ 'ಲೇಪ'ಕ್ಕೇ ಬಂದು ನಿಲ್ಲುತ್ತವೆ. ಬೆಳ್ಳಿ ಲೇಪ, ಮೆರುಗು ಲೇಪ. ನನ್ನ ತಕರಾರು ಇರುವುದೇ ಅಲ್ಲಿ.

ಯಾಕೆ ಬೇಕು ಅಂತ ಹೇಳಿಬಿಡುತ್ತೇನೆ. ದಕ್ಷಿಣ ಕನ್ನಡ, ಉಡುಪಿ ಕಡೆ ದೇವಸ್ಥಾನದ ಉತ್ಸವಕ್ಕೂ ಮದುವೆಗೂ ಸ್ಯಾಕ್ಸೋಫೋನ್ ಈಗ ಮಾಮೂಲು. ಹಿಂದೆ ನಾಗಸ್ವರ ಇದ್ದ ಎಷ್ಟೋ ಕಡೆ ಈಗ ಇದೇ ಕೇಳಿಸುತ್ತದೆ. ಕದ್ರಿ ಗೋಪಾಲನಾಥರು ಹಾಕಿಕೊಟ್ಟ ದಾರಿ ಅದು. ಅವರ ತಂದೆ ನಾಗಸ್ವರದವರು; ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತರು, ಮುಂದೆ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಯಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಈಗ ಕಲಿಯುವ ಮಕ್ಕಳು ಜಾಸ್ತಿ ಇದ್ದಾರೆ. ಅವರಿಗಾಗಿ ವಾದ್ಯವನ್ನು ನೋಡಿಕೊಳ್ಳುವುದು ಹೇಗೆ ಅಂತ ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಸ್ಯಾಕ್ಸೋಫೋನಿನ ಮೈ ಹಿತ್ತಾಳೆಯದಾದರೂ ರೀಡ್ (ಊದಿದಾಗ ನಡುಗುವ ತೆಳು ಪಟ್ಟಿ) ಇರುವುದರಿಂದ ಅದನ್ನು ಮರದ ಊದುವಾದ್ಯಗಳ ಗುಂಪಿಗೆ ಸೇರಿಸುತ್ತಾರೆ. ಆ ಜಗಳ ಇನ್ನೊಂದು ದಿನ ಆಡೋಣ. ಇಲ್ಲಿ ಮೈ ಹಿತ್ತಾಳೆ ಅನ್ನುವುದಷ್ಟೇ ಮುಖ್ಯ.

ಪದ ಸರಿ ಇಲ್ಲದಿದ್ದರೆ ಏನಾಗುತ್ತದೆ ಅಂತ ನೋಡಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹುಡುಗನ ಹೊಸ ಸ್ಯಾಕ್ಸೋಫೋನಿಗೆ ಕೈಗುರುತು ಹತ್ತಿತ್ತು. ಹಿತ್ತಾಳೆ ಅಲ್ವಾ ಅಂತ ಹಬ್ಬಕ್ಕೆ ದೀಪದ ಕಂಬ ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿಬಿಟ್ಟರು. ಮೇಲಿದ್ದ ಲ್ಯಾಕರ್ ಗೀರುಬಿದ್ದು ಮಂಕಾಯಿತು. ಅಂಚಿನಲ್ಲಿ ಸುಲಿದು ಬಂತು. ಸುಲಿದ ಜಾಗದಲ್ಲಿ ಬರೀ ಹಿತ್ತಾಳೆ ಹೊರಬಿದ್ದು ಕೆಲವೇ ವಾರಗಳಲ್ಲಿ ಕಂದಿತು. ಕೊಳ್ಳುವಾಗ ಅಂಗಡಿಯಲ್ಲಿ 'ಲೇಪ ಇದೆ, ಜೋಪಾನ' ಅಂದಿದ್ದರಂತೆ. ಎಂಥ ಲೇಪ, ಜೋಪಾನ ಅಂದರೆ ತಿಕ್ಕಬೇಕೋ ತಿಕ್ಕಬಾರದೋ, ಆ ಮಾತಿನಿಂದ ಏನೂ ಗೊತ್ತಾಗುವುದಿಲ್ಲ.

ಎರಡರ ಕೆಲಸವೂ ಬೇರೆ, ಆರೈಕೆಯೂ ಬೇರೆ. ಲ್ಯಾಕರ್ ಅಂದರೆ ಪಾರದರ್ಶಕವಾದ ಒಂದು ಪೊರೆ. ಈಗಿನದು ಹೆಚ್ಚಾಗಿ ಎಪಾಕ್ಸಿ ಥರದ ರಾಳ. ಹಿಂದೆ ನೈಟ್ರೋಸೆಲ್ಯುಲೋಸ್ ಬಳಸುತ್ತಿದ್ದರು. ಗನ್‌ನಿಂದ ಸಿಂಪಡಿಸಿ, ಒಲೆಯಲ್ಲಿಟ್ಟು ಗಟ್ಟಿ ಮಾಡುತ್ತಾರೆ. ಗಾಳಿ, ಬೆವರು ಹಿತ್ತಾಳೆಗೆ ತಾಗದ ಹಾಗೆ ತಡೆಯುವುದೇ ಅದರ ಕೆಲಸ. ಅದನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಬೇಕು, ಅಷ್ಟೇ. ಲೋಹ ಉಜ್ಜುವ ಪಾಲಿಶ್ ಬೇಡ. ತುಂಬಾ ಬಿಸಿನೀರೂ ಬೇಡ, ಪೊರೆ ಎದ್ದೀತು.

ಬೆಳ್ಳಿಯದು ಬೇರೆ ಕಥೆ. ಬೆಳ್ಳಿಯ ಲವಣ ಮತ್ತು ಸಯನೈಡ್ ಇರುವ ದ್ರಾವಣದಲ್ಲಿ ವಾದ್ಯವನ್ನು ಇಳಿಬಿಟ್ಟು ವಿದ್ಯುತ್ ಹರಿಸುತ್ತಾರೆ. ಬೆಳ್ಳಿ ಬಂದು ಹಿತ್ತಾಳೆಯ ಮೇಲೆ ಕೂರುತ್ತದೆ. ಕೆಲವೇ ಮೈಕ್ರಾನ್ ದಪ್ಪ, ಲ್ಯಾಕರ್‌ಗಿಂತ ಎಷ್ಟೋ ತೆಳು. ಅದು ಪೊರೆಯಲ್ಲ, ಲೋಹವೇ. ಹಾಗಾಗಿ ಸುಲಿಯುವುದು ಕಡಿಮೆ, ಆದರೆ ಕಪ್ಪಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಬೆಳ್ಳಿ ಸಲ್ಫೈಡ್ ಆಗುವುದೇ ಆ ಕಪ್ಪು. ವಾದ್ಯದ ಪೆಟ್ಟಿಗೆಯೊಳಗೆ ರಬ್ಬರ್ ಬ್ಯಾಂಡ್ ಇಟ್ಟರೂ ಸಾಕು, ಅದರಲ್ಲಿ ಗಂಧಕ ಇರುತ್ತದೆ, ತಾಗಿದ ಕಡೆ ಗೆರೆ ಬೀಳುತ್ತದೆ. ಇದನ್ನು ಬೆಳ್ಳಿ ಪಾಲಿಶ್ ಬಟ್ಟೆಯಲ್ಲಿ ಆಗಾಗ ಉಜ್ಜಲೇಬೇಕು. ಅತಿಯಾಗಿ ಉಜ್ಜಿದರೆ ಅಂಚುಗಳಲ್ಲಿ ಬೆಳ್ಳಿ ಸವೆದು ಹಳದಿ ಇಣುಕುತ್ತದೆ. ಅಂದರೆ ಒಂದನ್ನು ಉಜ್ಜಬಾರದು, ಇನ್ನೊಂದನ್ನು ಹದವಾಗಿ ಉಜ್ಜಬೇಕು. ಎರಡಕ್ಕೂ 'ಲೇಪ' ಅಂದರೆ ಓದುವ ಹುಡುಗ ಯಾವುದನ್ನು ಮಾಡಬೇಕು?

ಯಾವುದರ ನಾದ ಚೆನ್ನ ಅನ್ನುವ ವಾದವೂ ಇದೆ. ಬೆಳ್ಳಿಯದು ಹೆಚ್ಚು ಖಡಕ್ ಅನ್ನುವವರು, ತದ್ವಿರುದ್ಧ ಹೇಳುವವರು, ಇಬ್ಬರೂ ಸಿಗುತ್ತಾರೆ. ನನ್ನ ಕಿವಿಗೆ ಊದುವವರು ಬದಲಾದಷ್ಟು ವ್ಯತ್ಯಾಸ ಹೊರಮೈ ಬದಲಾದಾಗ ಕೇಳಿಸಿಲ್ಲ. ಕೈಪಿಡಿಯಲ್ಲಿ ಅದನ್ನು ಬಿಟ್ಟಿದ್ದೇನೆ.

ಈಗ ಪದಗಳಿಗೆ ಬರೋಣ. ಬೆಳ್ಳಿಯ ವಿಷಯದಲ್ಲಿ ನಮ್ಮಲ್ಲಿ ಪದಗಳಿಗೆ ಬರವಿಲ್ಲ, ಆದರೆ ಒಂದೊಂದೂ ಬೇರೆ ಕೆಲಸಕ್ಕೆ ಸೇರಿದೆ. ದೇವಸ್ಥಾನದ ಬಾಗಿಲಿಗೆ ಬೆಳ್ಳಿ 'ಹೊದಿಸು'ತ್ತಾರೆ, ಅದು ತಗಡು. ಶಂಖಕ್ಕೋ ರುದ್ರಾಕ್ಷಿಗೋ ಬೆಳ್ಳಿ 'ಕಟ್ಟಿಸು'ತ್ತಾರೆ, ಅದು ಅಂಚಿಗೆ ಹಾಕಿಸುವ ಪಟ್ಟಿ. ಪಾತ್ರೆಗೆ 'ಕಲಾಯಿ' ಹಾಕಿಸುತ್ತಾರೆ, ಅದು ತವರ. ಬೆಂಕಿಯಲ್ಲಿ ಕಾಯಿಸಿ ಬಟ್ಟೆಯಲ್ಲಿ ಸವರುವುದು. ಹುಳಿ ಪದಾರ್ಥ ಹಿತ್ತಾಳೆಗೆ ತಾಗಬಾರದು ಅಂತ ಪಾತ್ರೆಯ ಒಳಗೆ ಹಾಕಿಸುತ್ತೇವೆ. ಉದ್ದೇಶ ಏನೋ ಹತ್ತಿರದ್ದೇ. ಆದರೆ 'ಬೆಳ್ಳಿ ಕಲಾಯಿ' ಅಂದರೆ ಕೇಳಿದವರಿಗೆ ತವರವೋ ಬೆಳ್ಳಿಯೋ ಅಂತ ಗೊಂದಲ.

'ಗಿಲೀಟು' ಇದೆ. ಆದರೆ ಗಿಲೀಟು ಒಡವೆ ಅಂದ ಕೂಡಲೇ ನಕಲಿ ಅನ್ನುವ ವಾಸನೆ ಬರುತ್ತದೆ. ಒಳ್ಳೆ ಟ್ರಂಪೆಟ್‌ಗೆ ಬೆಳ್ಳಿ ಹಾಕಿಸುವುದು ಯಾರನ್ನೂ ಮೋಸ ಮಾಡುವುದಕ್ಕಲ್ಲ. ಬ್ರಿಟನ್ನಿನಲ್ಲಿ ಇದು ಹೆಮ್ಮೆಯ ವಿಷಯವೇ ಆಗಿತ್ತು. ವಿದ್ಯುತ್ತಿನಿಂದ ಬೆಳ್ಳಿ ಕೂರಿಸುವ ವಿಧಾನಕ್ಕೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್‌ಗಳು 1840ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅಲ್ಲಿನ ಗಣಿ, ಗಿರಣಿ ಊರುಗಳ ಬ್ಯಾಂಡುಗಳು ಬೆಳ್ಳಿ ಕೂರಿಸಿದ ವಾದ್ಯ ಕೊಂಡಮೇಲೆ ತಮ್ಮ ಹೆಸರಿಗೇ 'ಸಿಲ್ವರ್ ಬ್ಯಾಂಡ್' ಅಂತ ಸೇರಿಸಿಕೊಂಡವು. ಈಗಲೂ ಎಷ್ಟೋ ಬ್ಯಾಂಡುಗಳಿಗೆ ಆ ಹೆಸರು ಇದೆ.

'ಮುಲಾಮು' ಅಂತ ಒಂದು ಹಳೆಯ ಪದವಿದೆ. ಚಿನ್ನದ ಮುಲಾಮು, ಬೆಳ್ಳಿ ಮುಲಾಮು. ಅರ್ಥದಲ್ಲಿ ಇದು ನೇರವಾಗಿ ಹೊಂದುತ್ತದೆ, ನನಗೆ ಇಷ್ಟವೂ ಹೌದು. ತೊಂದರೆ ಏನೆಂದರೆ ಈಗಿನ ಮಕ್ಕಳಿಗೆ ಮುಲಾಮು ಅಂದರೆ ಗಾಯಕ್ಕೆ ಹಚ್ಚುವುದು. 'ಟ್ರಂಪೆಟ್‌ಗೆ ಬೆಳ್ಳಿ ಮುಲಾಮು' ಅಂತ ಬರೆದರೆ ಟ್ಯೂಬ್ ಹುಡುಕುತ್ತಾರೆ. 'ರಜತಲೇಪಿತ' ಅಂತ ಯಾರಾದರೂ ಹೇಳುವ ಮೊದಲೇ ಕೈಮುಗಿಯುತ್ತೇನೆ, ಅದು ಪ್ರಶಸ್ತಿ ಫಲಕಕ್ಕೆ ಇರಲಿ.

ಲ್ಯಾಕರ್ ಕಡೆ ಇನ್ನೂ ತಮಾಷೆ ಇದೆ. ಮೂಲ ಹುಡುಕಿದರೆ ಅದು ನಮ್ಮ ಅರಗೇ. ಚನ್ನಪಟ್ಟಣದ ಗೊಂಬೆಗೆ ತಿರುಗುವ ಲೇತ್ ಮೇಲೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ; ತಿಕ್ಕಾಟದ ಬಿಸಿಗೆ ಕರಗಿ ಅದು ಮರಕ್ಕೆ ಹತ್ತುತ್ತದೆ. ಹಾಗಾದರೆ 'ಅರಗು ಬಳಿದ' ಅನ್ನಬಹುದಲ್ಲ? ಅನ್ನಬಾರದು ಅಂತ ನನ್ನ ಅನಿಸಿಕೆ. ಈಗಿನ ವಾದ್ಯದ ಲ್ಯಾಕರಿನಲ್ಲಿ ಅರಗಿನ ಹುಳದ್ದು ಏನೂ ಇಲ್ಲ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ರಿಪೇರಿ ಮೇಜಿನ ಮೇಲೇ ಇದೆ. ಸ್ಯಾಕ್ಸೋಫೋನಿನ ರಂಧ್ರ ಮುಚ್ಚುವ ಬಟ್ಟಲುಗಳೊಳಗೆ ಚರ್ಮದ ಪ್ಯಾಡ್ ಇರುತ್ತದೆ. ಪ್ಯಾಡ್ ಬದಲಿಸುವಾಗ ಬಟ್ಟಲನ್ನು ಹೊರಗಿನಿಂದ ಜ್ವಾಲೆಗೆ ಹಿಡಿದು, ಒಳಗೆ ಶೆಲ್ಯಾಕ್ ಕರಗಿಸಿ, ಅದು ಆರುವ ಮೊದಲು ಪ್ಯಾಡನ್ನು ಒತ್ತಿ ಸಮ ಮಾಡುತ್ತಾರೆ. ಶೆಲ್ಯಾಕ್ ಅಂದರೆ ಅಪ್ಪಟ ಅರಗು. ಒಂದೇ ವಾದ್ಯದಲ್ಲಿ ಒಳಗಿನ ಅಂಟಿಗೂ ಹೊರಗಿನ ಪೊರೆಗೂ ಅರಗು ಅಂದರೆ ಕೈಪಿಡಿ ಓದುವವನ ಗತಿ ಏನು?

'ಮೆರುಗೆಣ್ಣೆ' ಚೆಂದದ ಪದ. ಆದರೆ ಅದರಲ್ಲಿ ಎಣ್ಣೆ ಇದೆ. ಅದೇ ಪುಟದಲ್ಲಿ ನಾನು ಟ್ರಂಪೆಟ್‌ನ ವಾಲ್ವ್‌ಗೆ (ಬೆರಳಲ್ಲಿ ಒತ್ತುವ ಕವಾಟಕ್ಕೆ) ಎಣ್ಣೆ ಬಿಡಿ, ಸ್ಯಾಕ್ಸೋಫೋನಿನ ಕೀಲಿಗಳ ಕಡ್ಡಿಗೆ ಒಂದು ಹನಿ ಎಣ್ಣೆ ಹಾಕಿ ಅಂತಲೂ ಬರೆಯಬೇಕು. ಇನ್ನು 'ವಾರ್ನಿಶ್'. ಬಾಗಿಲು, ಕುರ್ಚಿಯಿಂದಾಗಿ ಎಲ್ಲರಿಗೂ ಗೊತ್ತು. ಗೀರು ಬೀಳುತ್ತದೆ, ಏಳುತ್ತದೆ, ಹುಳಿ ಹಾಕಿ ತಿಕ್ಕಬಾರದು ಅನ್ನುವುದು ಹೇಳದೆಯೇ ತಿಳಿಯುತ್ತದೆ. ಆದರೆ ವಾದ್ಯದ ಪೆಟ್ಟಿಗೆಯ ಮೇಲೆ 'ಲ್ಯಾಕರ್' ಅಂತಲೇ ಇರುತ್ತದೆ, ಅಂಗಡಿಯಲ್ಲೂ ಅದೇ ಮಾತು. 'ಲಾಕರ್' ಅಂತ ಮಾತ್ರ ಬರೆಯಬಾರದು, ಅದು ಬ್ಯಾಂಕಿನದು.

ಹೀಗೆಲ್ಲ ತಿರುಗಾಡಿದ ಮೇಲೆ ನನಗೆ ಅನ್ನಿಸಿದ್ದು: ನಾಮಪದಕ್ಕಾಗಿ ಪರದಾಡುವುದು ಬಿಟ್ಟು ಕ್ರಿಯಾಪದದಲ್ಲಿ ವ್ಯತ್ಯಾಸ ಮಾಡಿದರೆ ಸಾಕು. 'ಬೆಳ್ಳಿ ಕೂರಿಸಿದ ಟ್ರಂಪೆಟ್', 'ಲ್ಯಾಕರ್ ಹೊಡೆದ ಟ್ರಂಪೆಟ್'. ಬೆಳ್ಳಿ ಲೋಹದ ಮೇಲೆ ಕೂರುತ್ತದೆ. ಲ್ಯಾಕರನ್ನು ಪೇಂಟ್ ಹೊಡೆದ ಹಾಗೆ ಹೊಡೆಯುತ್ತಾರೆ. ಹೊಡೆದದ್ದು ಏಳುತ್ತದೆ, ಕೂರಿಸಿದ್ದು ಸವೆಯುತ್ತದೆ. ಓದುವವರಿಗೆ ಇದು ಸುಲಭವಾಗಿ ಹತ್ತುತ್ತದೆ ಅನ್ನುವುದು ನನ್ನ ನಂಬಿಕೆ. ಪಟ್ಟಿ, ಶೀರ್ಷಿಕೆಗಳಲ್ಲಿ ಚಿಕ್ಕದಾಗಿ ಬೇಕಾದಾಗ 'ಬೆಳ್ಳಿ ಪ್ಲೇಟಿಂಗ್', 'ಲ್ಯಾಕರ್' ಅಂತ ಹಾಕುತ್ತೇನೆ.

ಇದರ ಜೊತೆಗೇ ಎರಡು ಬಲೆಗಳಿವೆ. ಒಂದು 'ಗೋಲ್ಡ್ ಲ್ಯಾಕರ್'. ಇದರಲ್ಲಿ ಚಿನ್ನ ಇಲ್ಲವೇ ಇಲ್ಲ. ಲ್ಯಾಕರಿಗೇ ಚಿನ್ನದ ಛಾಯೆ ಬೆರೆಸಿರುತ್ತಾರೆ. ಕನ್ನಡದ ಜಾಹೀರಾತುಗಳಲ್ಲಿ ಇದನ್ನು 'ಚಿನ್ನದ ಲೇಪ' ಮಾಡಿಬಿಡುತ್ತಾರೆ. ನಿಜವಾಗಿ ಚಿನ್ನ ಕೂರಿಸಿದ ಸ್ಯಾಕ್ಸೋಫೋನುಗಳೂ ಇವೆ, ಅವುಗಳಿಗೆ ಸಾಮಾನ್ಯವಾಗಿ ಮೊದಲು ಬೆಳ್ಳಿ ಕೂರಿಸಿ ಅದರ ಮೇಲೆ ಚಿನ್ನ ಕೂರಿಸುತ್ತಾರೆ. ಬೆಲೆಯಲ್ಲಿ ಅಜಗಜಾಂತರ. 'ಚಿನ್ನದ ಬಣ್ಣದ ಲ್ಯಾಕರ್' ಅಂತಲೇ ಬರೆಯಬೇಕು, ಉದ್ದವಾದರೆ ಆಗಲಿ. ಯಮಹಾದವರ ಮಾದರಿ ಸಂಖ್ಯೆಗಳಲ್ಲಿ ಈ ತಲೆನೋವಿಲ್ಲ. ವೈಟಿಆರ್-2330 ಅಂದರೆ ಲ್ಯಾಕರ್ ಟ್ರಂಪೆಟ್, ಕೊನೆಗೆ 'ಎಸ್' ಸೇರಿದರೆ ಬೆಳ್ಳಿಯದು.

ಇನ್ನೊಂದು ಬಲೆ 'ಜರ್ಮನ್ ಸಿಲ್ವರ್'. ಪೂಜೆ ಸಾಮಾನಿನ ಅಂಗಡಿಗಳಿಂದಾಗಿ ಈ ಹೆಸರು ಎಲ್ಲರಿಗೂ ಗೊತ್ತು. ತಾಮ್ರ, ನಿಕ್ಕಲ್, ಸತು ಸೇರಿದ ಮಿಶ್ರಲೋಹ ಅದು, ಬೆಳ್ಳಿ ಚೂರೂ ಇಲ್ಲ. ಟ್ರಂಪೆಟ್‌ನ ಎಳೆಯುವ ಕೊಳವೆಗಳನ್ನು ಹಲವು ಸಲ ಇದರಲ್ಲೇ ಮಾಡಿರುತ್ತಾರೆ. ಮೈ ಹಳದಿ, ಮಧ್ಯೆ ಬಿಳಿ ತುಂಡು ಕಂಡರೆ 'ಅರ್ಧ ಬೆಳ್ಳಿ' ಅಂದುಕೊಳ್ಳಬಾರದು. ನಿಕ್ಕಲ್ ಪ್ಲೇಟಿಂಗ್ ಕೂಡ ಬೆಳ್ಳಗೇ ಹೊಳೆಯುತ್ತದೆ; ಅದು ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಬರುತ್ತದೆ.

ಕನ್ನಡ ಇಂಗ್ಲಿಷಿಗಿಂತ ಮುಂದಿರುವ ಜಾಗವೂ ಒಂದಿದೆ. ಅವರು ಬೆಳ್ಳಿಗೂ ಹಿತ್ತಾಳೆಗೂ 'ಟಾರ್ನಿಶ್' ಅಂದುಬಿಡುತ್ತಾರೆ. ನಮಗೆ ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು, ಬೆಳ್ಳಿಗೆ ಕಪ್ಪು. ಟ್ರಂಪೆಟ್ ಹಿಡಿದವರ ಎಡಗೈ ವಾಲ್ವ್‌ಗಳನ್ನು ಸುತ್ತಿ ಹಿಡಿಯುವ ಕಡೆ ಲ್ಯಾಕರ್ ಮೊದಲು ಹೋಗುತ್ತದೆ. ಅಲ್ಲಿ ಬೆವರು ತಾಗಿ ಹಸಿರು ಕಿಲುಬು ಹತ್ತುತ್ತದೆ, ಅಂಗೈ ಕಿಲುಬು ವಾಸನೆ ಹೊಡೆಯುತ್ತದೆ. 'ಲ್ಯಾಕರ್ ಎದ್ದ ಕಡೆ ಕಿಲುಬು ಹಿಡಿಯುತ್ತದೆ, ಬೆಳ್ಳಿ ಕೂರಿಸಿದ್ದು ಕಪ್ಪಾಗುತ್ತದೆ' ಅಂತ ಬರೆದರೆ ಮುಗಿಯಿತು. ಸಮಸ್ಯೆ ಇರುವುದು ಇನ್ನೊಂದು ರೋಗಕ್ಕೆ. ಹಿತ್ತಾಳೆಯೊಳಗಿನ ಸತು ಹೊರಟುಹೋಗಿ ಬರೀ ತಾಮ್ರ ಉಳಿದಾಗ ಗುಲಾಬಿ-ಕೆಂಪು ಚುಕ್ಕೆಗಳು ಏಳುತ್ತವೆ. ಟ್ರಂಪೆಟ್‌ನಲ್ಲಿ ಬಾಯಿಯ ಹತ್ತಿರದ ಕೊಳವೆಯಲ್ಲಿ ಇದು ಹೆಚ್ಚು, ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಇಂಗ್ಲಿಷಿನವರು 'ರೆಡ್ ರಾಟ್' ಅನ್ನುತ್ತಾರೆ. ಇದನ್ನು ಕಿಲುಬು ಅನ್ನಲಾಗದು, ಕಿಲುಬು ಮೇಲಿನದು, ಉಜ್ಜಿದರೆ ಹೋಗುತ್ತದೆ. ಇದು ಹೋಗುವುದಿಲ್ಲ, ಕೊಳವೆಯನ್ನೇ ಬದಲಿಸಬೇಕು. ಸದ್ಯಕ್ಕೆ 'ಕೆಂಪು ತಿನಿಸು' ಅಂತ ಬರೆದಿಟ್ಟಿದ್ದೇನೆ. ಮರುದಿನ ಓದಿದರೆ ತಿಂಡಿಯ ಹೆಸರಿನ ಹಾಗಿದೆ. 'ಕೆಂಪು ಕೊರೆತ' ಅಂದರೆ ಹೇಗೆ?

ಹಾಗಾಗಿ ನಿಮ್ಮ ಮುಂದೆ ನನ್ನ ಪ್ರಶ್ನೆಗಳು. ನಿಮ್ಮ ಊರಿನ ಬ್ಯಾಂಡ್ ಸೆಟ್‌ನವರು, ವಾದ್ಯ ರಿಪೇರಿಯವರು ಬೆಳ್ಳಿ ಪ್ಲೇಟಿಂಗಿಗೆ ಏನನ್ನುತ್ತಾರೆ? ಕೂರಿಸು, ಏರಿಸು, ಹಿಡಿಸು, ಇವುಗಳಲ್ಲಿ ಯಾವ ಕ್ರಿಯಾಪದ ಅವರ ಬಾಯಲ್ಲಿ ಬರುತ್ತದೆ? ಉತ್ತರ ಕರ್ನಾಟಕದವರು ಇದ್ದರೆ, ಅಲ್ಲಿನ ಪತ್ತಾರರು ಒಡವೆಗೆ ಬೆಳ್ಳಿ, ಬಂಗಾರ ಹಿಡಿಸುವಾಗ ಬಳಸುವ ಮಾತನ್ನೂ ಬರೆಯಿರಿ. ಬ್ಯಾಂಡ್ ವಾದ್ಯ ತಯಾರಿಸುವ ಬೀದಿಯಾದ ಮೀರತ್‌ನ ಜಾಲಿ ಕೋಠಿಯಿಂದ ವಾದ್ಯ ತರಿಸುವ ತಂಡಗಳ ಜೊತೆಗೆ ಹಿಂದಿ, ಉರ್ದು ಪದಗಳೂ ಬಂದಿರಬಹುದು, ಬಂದಿದ್ದರೆ ಅವೂ ಬೇಕು. ಮತ್ತೆ ಆ ಕೆಂಪು ಚುಕ್ಕೆಗೆ ಒಂದು ಹೆಸರು. ಹಳೆಯ ಹಿತ್ತಾಳೆ ಪಾತ್ರೆಗಳಲ್ಲಿ ಅದನ್ನು ಕಂಡ ಅಜ್ಜಿಯರು, ಕಂಚುಗಾರರು ಏನಾದರೂ ಕರೆದೇ ಇರುತ್ತಾರೆ ಅನ್ನುವುದು ನನ್ನ ಗುಮಾನಿ.